ಇನ್‌ಸ್ಪೆಕ್ಟರು ಬರೆದ ನಾಲ್ಕು ಗುರಿಗಳು

ಶಿರಾ ರೇಂಜಿಗೆ ವರ್ಗ ಮಾಡಿಸಿಕೊಳ್ಳಲು ಶಾಲಾ ಇನ್‌ಸ್ಪೆಕ್ಟರ್ ಮೂಡಲಗಿರಿಯಪ್ಪ ಮೂರು ವರ್ಷ ಅರ್ಜಿಯ ಮೇಲೆ ಅರ್ಜಿ ಹಾಕಿದ್ದ. ವಿದ್ಯಾ ಇಲಾಖೆಯಲ್ಲಿ ಆ ಕಡೆಯ ರೇಂಜನ್ನು ಯಾರೂ ಕೇಳಿ ಪಡೆಯುತ್ತಿರಲಿಲ್ಲ. ಬಿಸಿಲು, ಜಾಲಿಮುಳ್ಳು, ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಗಾವುದ ದೂರ. "ಹುಟ್ಟಿದ ಸೀಮೆ" ಎಂದು ತುಮಕೂರಿನ ಕಚೇರಿಯಲ್ಲಿ ಕಾರಣ ಕೊಟ್ಟಿದ್ದ. ಅದು ಅರ್ಧ ನಿಜ. ಚಂದ್ರಶೇಖರಯ್ಯನೆಂಬ ಮೇಷ್ಟ್ರು ಅದೇ ರೇಂಜಿನ ಜಾಲಿಗುಂಟೆ ಶಾಲೆಯಲ್ಲಿ ಇನ್ನೂ ನೌಕರಿಯಲ್ಲಿದ್ದಾನೆ ಎಂಬುದು ಉಳಿದರ್ಧ.

ಸಾವಿರದ ಒಂಬೈನೂರ ಮೂವತ್ತನಾಲ್ಕರ ಶ್ರಾವಣದಲ್ಲಿ ಹುಕುಂ ಬಂತು. ಚಾರ್ಜು ತೆಗೆದುಕೊಂಡ ಹತ್ತನೆಯ ದಿನವೇ ಮೂಡಲಗಿರಿಯಪ್ಪ ಸೈಕಲ್ ತುಳಿದುಕೊಂಡು ಜಾಲಿಗುಂಟೆಗೆ ಹೊರಟ. ಜವಾನನನ್ನು ಕರೆದೊಯ್ಯಲಿಲ್ಲ, ಮುಂಚಿತವಾಗಿ ಕಾಗದವನ್ನೂ ಹಾಕಲಿಲ್ಲ.

ಶಾಲೆಯೆಂದರೆ ಒಂದು ಉದ್ದನೆಯ ಹಜಾರ, ನಾಲ್ಕು ಕಂಬ, ಮೇಲೆ ಕೈಹಂಚು. ಮಕ್ಕಳು ಮಗ್ಗಿ ಒದರುತ್ತಿದ್ದರು. ಕೊನೆಯ ಕಂಬಕ್ಕೆ ಒಬ್ಬ ಹುಡುಗನನ್ನು ಕಾಲಿಗೆ ಹಗ್ಗ ಹಾಕಿ ಕಟ್ಟಲಾಗಿತ್ತು. ಎಂಟೊಂಬತ್ತು ವರ್ಷವಿರಬಹುದು. ಕಟ್ಟಿದ್ದ ಕಾಲು ಬಿಟ್ಟು ಮಿಕ್ಕ ಮೈಯೆಲ್ಲ ಆಡುತ್ತಿತ್ತು. ಕಂಬದ ಮಣ್ಣನ್ನು ಉಗುರಿನಿಂದ ಕೆರೆಯುವುದು, ಮುಂದಿನವನ ಜುಟ್ಟು ಎಳೆಯುವುದು, ಹಾರಿಹೋದ ಗುಬ್ಬಿಗೆ ಕೂಗು ಹಾಕುವುದು.

ಹಾಜರಿ ಪುಸ್ತಕ ಹಿಡಿದು ಎದ್ದು ಬಂದ ಚಂದ್ರಶೇಖರಯ್ಯನಿಗೆ ಕೂದಲು ಪೂರಾ ಬೆಳ್ಳಗಾಗಿತ್ತು. ಆದರೆ ಬೆತ್ತ ಹಿಡಿಯುವ ರೀತಿ ಹಾಗೇ ಇತ್ತು. ಹೆಬ್ಬೆರಳು ಮೇಲೆ, ತುದಿ ನೆಲಕ್ಕೆ.

"ಯಾರು ಆ ಹುಡುಗ?" ಎಂದು ಮೂಡಲಗಿರಿಯಪ್ಪ ಕೇಳಿದ.

"ಓಬಳೇಶ ಅಂತ, ಸ್ವಾಮಿ. ಪುಟ್ಟಕ್ಕ ಅನ್ನೋಳ ಮಗ. ಬುದ್ಧಿ ಏನೋ ಇದೆ. ಆದರೆ ಒಂದು ಕ್ಷಣ ಕೂತ ಕಡೆ ಕೂರೋ ಜೀವ ಅಲ್ಲ. ಅರ್ಧ ಅಕ್ಷರ ಬರೆದು ಎದ್ದು ಓಡ್ತಾನೆ, ಹೇಳಿದ್ದು ಮುಗಿಯೋದ್ರೊಳಗೆ ಮರೀತಾನೆ. ಕಟ್ಟದೇ ಇದ್ದರೆ ಮಿಕ್ಕ ನಲವತ್ತು ಮಕ್ಕಳ ಪಾಠ ಕೆಡುತ್ತೆ. ಬೇರೆ ದಾರಿ ಇಲ್ಲ."

ಬೇರೆ ದಾರಿ ಇಲ್ಲ. ಇದೇ ಮಾತನ್ನು ಇದೇ ಬಾಯಿ ಇಪ್ಪತ್ತನಾಲ್ಕು ವರ್ಷದ ಹಿಂದೆ ಮೂಡಲಗಿರಿಯಪ್ಪನ ಅಪ್ಪನಿಗೆ ಹೇಳಿತ್ತು.

ಆಗ ಚಂದ್ರಶೇಖರಯ್ಯ ಮದಲೂರಿನಾಚೆಯ ಒಂದು ಸಣ್ಣ ಹಳ್ಳಿಯಲ್ಲಿ ಮೇಷ್ಟ್ರು. ಮೂಡಲಗಿರಿಗೆ ಒಂಬತ್ತು ವರ್ಷ. ಅವನೂ ಕೂತ ಕಡೆ ಕೂರದ ಹುಡುಗ. ಕೆರೆಯಲ್ಲಿ ಬೆಳ್ಳಕ್ಕಿ ಎದ್ದರೆ ಇಲ್ಲಿ ಇವನೂ ಏಳುತ್ತಿದ್ದ. ಮೇಷ್ಟ್ರು ಅವನನ್ನು ಕೋದಂಡ ಏರಿಸಿದ. ತೊಲೆಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನೇತಾಡಬೇಕು, ಕೆಳಗೆ ಜಾಲಿಮುಳ್ಳು. ಹಿಡಿತ ತಪ್ಪಿ ಬಿದ್ದಾಗ ಎಡಗೈ ಮಣಿಕಟ್ಟು ಮುರಿಯಿತು, ಕೂಡುವಾಗ ಸೊಟ್ಟಗೆ ಕೂಡಿತು. ಆಮೇಲೆ ಅಪ್ಪನನ್ನು ಕರೆಸಿ ಮೇಷ್ಟ್ರು ಹೇಳಿದ: "ಇವನಿಗೆ ಗಾಳಿ ಹಿಡಿದಿದೆ. ಪಾವಗಡದ ಕಡೆ ತೋರಿಸಿ. ಬೇರೆ ದಾರಿ ಇಲ್ಲ." ಅಪ್ಪ ನಂಬಿದ. ಪಾವಗಡದಾಚೆಯ ಮಂತ್ರವಾದಿ ಕುಡುಗೋಲು ಕಾಯಿಸಿ ಎರಡೂ ಅಂಗಾಲಿಗೆ ಬರೆ ಎಳೆದ. "ಕದಲೊದ್ದು ರಾ, ಕದಲೊದ್ದು" ಎಂದು, ಅಲುಗಬೇಡವೆಂದು, ಅವನು ತೆಲುಗಿನಲ್ಲಿ ಗದರುತ್ತಿದ್ದ. ಅಲ್ಲಾಡದಂತೆ ಕಾಲು ಹಿಡಿದುಕೊಂಡಿದ್ದವನು ಅಪ್ಪ. ಆ ದಿನದಿಂದ ಅಪ್ಪ ಸಾಯುವವರೆಗೂ ಮೂಡಲಗಿರಿ ಅವನ ಮುಖ ನೋಡಿ ಮಾತನಾಡಲಿಲ್ಲ. ಒಂದು ಮನೆಯನ್ನೇ ಎರಡಾಗಿ ಸೀಳಿದ ಬಾಯಿ ಅದು.

ಈಗ ಅದೇ ಬಾಯಿ ಎದುರಿಗೆ "ಸ್ವಾಮಿ" ಎನ್ನುತ್ತಿತ್ತು.

ಹಗ್ಗ ಕಂಡದ್ದಕ್ಕೆ ಅಲ್ಲೇ ವರದಿ ಬರೆಯಬಹುದಿತ್ತು. ಆದರೆ ಮೇಲಿನವರು ಒಂದು ಎಚ್ಚರಿಕೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆಂದು ಮೂಡಲಗಿರಿಯಪ್ಪನಿಗೆ ಗೊತ್ತಿತ್ತು. ಮುದುಕ ಒಂದೇ ಏಟಿಗೆ ಬೀಳುವುದು ಅವನಿಗೆ ಬೇಕಿರಲಿಲ್ಲ. ದಿನಾ ಬೆಳಗಾದರೆ ಸೋಲಬೇಕು. ತನ್ನ ಕೈಲಾಗುವುದಿಲ್ಲವೆಂದು ತಾನೇ ಬಾಯಿಬಿಟ್ಟು ಹೇಳಬೇಕು.

"ಹಗ್ಗ ಬಿಚ್ಚಿ" ಎಂದ. ತಪಾಸಣೆ ಪುಸ್ತಕ ತರಿಸಿಕೊಂಡು, ನಿಂತೇ, ಕಾಲು ಕುಣಿಸುತ್ತಾ ಬರೆದ. ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಮರುತಪಾಸಣೆ. ಅಷ್ಟರೊಳಗೆ ಓಬಳೇಶನೆಂಬ ವಿದ್ಯಾರ್ಥಿಯಲ್ಲಿ ನಾಲ್ಕು ಗುರಿಗಳು ಈಡೇರಿರಬೇಕು. ಪ್ರಾರ್ಥನೆಯಿಂದ ಮಧ್ಯಾಹ್ನದ ಗಂಟೆಯವರೆಗೆ ಮೂರು ತಾಸು ಎದ್ದೇಳದೆ ಕೂರಬೇಕು. ಒಂದು ಪುಟ ಕಾಪಿಯನ್ನು ತಪ್ಪಿಲ್ಲದೆ, ಚಿತ್ತಿಲ್ಲದೆ ಬರೆಯಬೇಕು. ಹದಿನಾರರವರೆಗಿನ ಮಗ್ಗಿ ಒಂದೇ ಬೀಸಿಗೆ ಒಪ್ಪಿಸಬೇಕು. ಯಾವ ಮಗುವಿನಿಂದಲೂ ಅವನ ಮೇಲೆ ಒಂದು ದೂರೂ ಬರಕೂಡದು. ಅವನನ್ನು ಹೊಡೆಯಕೂಡದು, ಕಟ್ಟಕೂಡದು, ಶಾಲೆ ಬಿಡಿಸಲೂ ಕೂಡದು. ತಪ್ಪಿದಲ್ಲಿ ಮೇಷ್ಟ್ರನ್ನು ಕೆಲಸದಿಂದ ಬಿಡಿಸಲು ಶಿಫಾರಸು ಮಾಡಲಾಗುವುದು.

ಚಂದ್ರಶೇಖರಯ್ಯ ಓದಿದ. ನಿವೃತ್ತಿಗೆ ಅವನಿಗಿನ್ನು ಎರಡೇ ವರ್ಷ. "ಸ್ವಾಮಿ, ಇದು..." ಎಂದು ತಲೆಯೆತ್ತಿದ.

"ಆಗುತ್ತೋ ಇಲ್ಲವೋ?"

"ಪ್ರಯತ್ನ ಮಾಡ್ತೀನಿ."

ಆಗುವುದಿಲ್ಲವೆಂದು ಮೂಡಲಗಿರಿಯಪ್ಪನಷ್ಟು ಚೆನ್ನಾಗಿ ಬಲ್ಲವರು ಸೀಮೆಯಲ್ಲೇ ಇರಲಿಲ್ಲ. ಮೂವತ್ತಮೂರು ವರ್ಷವಾಗಿದ್ದ ಅವನೇ ಮೂರು ತಾಸು ಒಂದು ಕುರ್ಚಿಯಲ್ಲಿ ಕೂತವನಲ್ಲ. ಹಳ್ಳಿ ತಿರುಗುವ ಕೆಲಸವನ್ನೇ ಹುಡುಕಿಕೊಂಡದ್ದು ಅದಕ್ಕಾಗಿ. ಇಂಥ ಹುಡುಗನಿಗೆ ಏನು ಬೇಕು ಎಂಬುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.

ಅದನ್ನು ಅವನಿಗೆ ಕಲಿಸಿದವನು ಸೋದರಮಾವ ಗಂಗಹನುಮಯ್ಯ. ಮಧುಗಿರಿಯಿಂದ ಕೊರಟಗೆರೆಗೆ ಜಟಕಾ ಓಡಿಸುತ್ತಿದ್ದ, ಕುದುರೆ ಪಳಗಿಸುವುದರಲ್ಲಿ ಹೆಸರಾದವನು. ಬರೆಯ ಗಾಯ ಮಾಯ್ದ ಮೇಲೆ ಶಾಲೆ ಬಿಟ್ಟು ಎರಡು ವರ್ಷ ಕುರಿ ಕಾಯುತ್ತಿದ್ದ ಸೋದರಳಿಯನನ್ನು ಕರೆತಂದು ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡ. "ಮೊದ್ಲ ದಿನ ಕುದ್ರೆಗೆ ಕಡಿವಾಣ ತೋರುಸ್ಬೇಕು ಅಷ್ಟೆ ಕಣ್ಲಾ. ಎಲ್ಡ್ನೇ ದಿನ ಮೂತಿಗೆ ತಾಗುಸ್ಬೇಕು. ಒಂದೇ ದಿನಕ್ಕೆ ಗಾಡಿ ಕಟ್ಬುಟ್ರೆ ಕುದ್ರೇನೂ ಇಲ್ಲ, ಗಾಡೀನೂ ಇಲ್ಲ" ಎನ್ನುತ್ತಿದ್ದ. ಗಾಡಿ ಅಡ್ಡೆಯಿಂದ ಕೆರೆ ಏರಿಯವರೆಗೆ ಒಂದು ಮಗ್ಗಿ. ಏರಿ ಬಂದರೆ ಇಳಿದು ಓಡಬಹುದು. ಹದಿನೈದು ದಿನ ಅಷ್ಟೇ. ಅದು ಕೈಗೂಡಿದ ಮೇಲೆ ಏರಿಯಿಂದಾಚೆ ಆಲದಮರದವರೆಗೆ. ಎಲ್ಲಕ್ಕಿಂತ ಮೊದಲು ಮಾವ ಕೇಳಿದ್ದ, "ನಿಂಗೆ ಮೊದ್ಲು ಯಾವ್ದು ಆಗ್ಬೇಕು ಹೇಳ್ಲಾ." ಮೂಡಲಗಿರಿ ಹೇಳಿದ್ದ, "ಯಾರೂ ನನ್ನ ಕೋತಿ ಅನ್ಬಾರ್ದು." ಮಾವ ನಗದೆ ತಲೆಯಾಡಿಸಿದ್ದ. "ಆತು. ಅದನ್ನೇ ಗುರಿ ಇಟ್ಕೊಳಾನ."

ಮಾವ ಕಲಿಸಿದ ಇಷ್ಟನ್ನು ಆ ತಪಾಸಣೆಯ ದಿನ ಚಂದ್ರಶೇಖರಯ್ಯನಿಗೆ ಹೇಳಿದ್ದರೆ ಸಾಕಿತ್ತು. ಮೂಡಲಗಿರಿಯಪ್ಪ ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಬಾಯಲ್ಲಿ ಬೆಲ್ಲ ಇಟ್ಟುಕೊಂಡಂತಿತ್ತು.

ದೀಪಾವಳಿ ಕಳೆದ ಮೇಲೆ, ತಾವರೆಕೆರೆಗೆ ಹೋಗುವ ನೆವದಲ್ಲಿ ಅವನು ಜಾಲಿಗುಂಟೆಯ ಮೇಲೆ ಹಾದ. ಶಾಲೆಯೊಳಗೆ ಹೋಗದೆ ಕಿಟಕಿಯ ಪಕ್ಕ ನಿಂತ. ಮೇಷ್ಟ್ರ ಕೈಯಲ್ಲಿ ಬೆತ್ತವಿರಲಿಲ್ಲ. ಓಬಳೇಶನನ್ನು ಎದುರಿಗೆ ಕೂರಿಸಿಕೊಂಡು, "ಏಳಬೇಡ ಅಪ್ಪಾ, ಏಳಬೇಡ, ನನ್ನ ಹೊಟ್ಟೆ ಮೇಲೆ ಹೊಡೀಬೇಡ" ಎಂದು ಬೇಡುತ್ತಿದ್ದ. ಹುಡುಗ ತುಟಿ ಕಚ್ಚಿಕೊಂಡು, ಎರಡೂ ಕೈಯಿಂದ ತನ್ನ ಮೊಣಕಾಲನ್ನು ಅಮುಕಿ ಹಿಡಿದು ಕೂತಿದ್ದ. ಹೆಚ್ಚು ಹೊತ್ತು ತಡೆಯಲಾಗಲಿಲ್ಲ. ಎದ್ದು ಓಡಿದ. ಓಡುವಾಗ ಕಾಲು ಬಿದ್ದು ಸ್ಲೇಟು ಒಡೆಯಿತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

ಊರ ಹೊರಗೆ ಒಬ್ಬ ಹೆಂಗಸು ಸೈಕಲ್ಲಿಗೆ ಅಡ್ಡ ನಿಂತಳು. ತಲೆಯ ಮೇಲೆ ಹುಲ್ಲಿನ ಹೊರೆ.

"ನಾನು ಪುಟ್ಟಕ್ಕ, ಬುದ್ಧಿ. ಓಬಳೇಸನ ಅವ್ವ. ನನ್ ಮಗ ಕೂರ್ದಿದ್ರೆ ಮೇಷ್ಟ್ರ ಕೆಲ್ಸ ಹೋಯ್ತದೆ ಅಂತ ಬರ್ದಿದೀರಂತೆ. ನಿಜ್ವಾ?"

"ನಿಜ."

"ಮದ್ಲು ಹೊಡೀತಿದ್ದ, ಈಗ ಅಳ್ತಾನೆ ಆವಯ್ಯ. ಹೊಡ್ತನಾದ್ರೂ ಮನೀಗ್ ಬಂದು ಮರೀತಿತ್ತು ಕೂಸು. ಈಗ ನಿದ್ದೇಲಿ 'ಕೂತೀನಿ ಮೇಷ್ಟ್ರೇ, ಕೂತೀನಿ' ಅಂತ ಕನವರುಸ್ತದೆ. ಅನ್ನ ಮುಟ್ಟಲ್ಲ. ಅದ್ರ ಕೈಲಾಗೋ ಅಷ್ಟು ಬರ್ದ್‌ಕೊಡಿ ಸೋಮಿ. ಎಂತಾ ಹೋರಿ ಆದ್ರೂ ಮೊದ್ಲ ದಿನವೇ ಎಕ್ರೆ ಉಳ್ತದಾ?"

ಥೇಟು ಗಂಗಹನುಮಯ್ಯನ ಮಾತು. ಮೂಡಲಗಿರಿಯಪ್ಪನ ಎದೆಯಲ್ಲಿ ಏನೋ ಒಂದು ಕ್ಷಣ ಸಡಿಲವಾಯಿತು. ಅಷ್ಟರಲ್ಲಿ, ತಲೆಯ ಮೇಲೆ ಕೈ ಹೊತ್ತು ಕೂತ ಮುದುಕ ಕಣ್ಣಿಗೆ ಕಟ್ಟಿದ. ಇನ್ನೆರಡು ತಿಂಗಳು ಅವನನ್ನು ಹಾಗೇ ಕೂರಿಸಬೇಕೆನಿಸಿತು.

"ಸರ್ಕಾರದ ಬರವಣಿಗೆ ತಾಯಿ, ತಿದ್ದಕ್ಕಾಗಲ್ಲ" ಎಂದು ಹೇಳಿ ಸೈಕಲ್ ತಿರುಗಿಸಿದ.

ಅವನು ತಿದ್ದದಿದ್ದರೇನಂತೆ, ಪುಟ್ಟಕ್ಕ ಅಲ್ಲಿಂದ ನೆಟ್ಟಗೆ ಶಾಲೆಗೆ ಹೋದಳು. ಮೇಷ್ಟ್ರಿಗೆ ಏನೆಂದಳೋ, ಮೇಷ್ಟ್ರು ಏನೆಂದನೋ ಮೂಡಲಗಿರಿಯಪ್ಪನಿಗೆ ಗೊತ್ತಾದದ್ದು ಮರುತಪಾಸಣೆಯ ದಿನ.

ಆ ದಿನ ಅವನು ಒಗೆದ ಕೋಟು ಹಾಕಿಕೊಂಡು, ಹೊಸ ನಿಬ್ಬಿನ ಪೆನ್ನು ಜೇಬಿಗಿಟ್ಟುಕೊಂಡು ಬಂದ. ಬೇಗನೇ ಬಂದದ್ದರಿಂದ ಮಕ್ಕಳು ಇನ್ನೂ ಬಯಲಿನಲ್ಲಿದ್ದರು, ಚಿನ್ನಿದಾಂಡು ಆಡುತ್ತಿದ್ದರು. ಓಬಳೇಶ ಸಾಲಿನಲ್ಲಿ ಮೂರನೆಯವನು. ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದ, ಕೈ ಹೊಸೆಯುತ್ತಿದ್ದ, ಆದರೆ ಮುಂದಿನವನ ಕೈಯಿಂದ ದಾಂಡು ಕಿತ್ತುಕೊಳ್ಳಲಿಲ್ಲ. ತನ್ನ ಸರದಿ ಬಂದಾಗ ಕೇಕೆ ಹಾಕಿ ಹೊಡೆದ. ಮಕ್ಕಳೂ ಕೇಕೆ ಹಾಕಿದರು.

ಮೂಡಲಗಿರಿಯಪ್ಪನ ನಗು ಅಲ್ಲೇ ಆರಿತು.

ಒಳಗೆ ಹುಡುಗನ ಜಾಗ ಬದಲಾಗಿತ್ತು. ಕೊನೆಯ ಕಂಬ ಬಿಟ್ಟು ಮೇಷ್ಟ್ರ ಮಣೆಯ ಪಕ್ಕ ಕೂರಿಸಿದ್ದರು. ಅವನ ಮುಂದೆ ಒಂದು ತೆಂಗಿನ ಚಿಪ್ಪು, ಅದರಲ್ಲಿ ಹುಣಸೆ ಬೀಜ.

"ಇದೇನು?"

ಚಂದ್ರಶೇಖರಯ್ಯ ಹೇಳಿದ: "ಎರಡು ಮಗ್ಗಿ ಹೇಳಿ ಮುಗಿಸೋ ಅಷ್ಟು ಹೊತ್ತು ಕೂತರೆ ಒಂದು ಬೀಜ. ಆಮೇಲೆ ಹೊರಗೆ ಬೇವಿನ ಮರ ಒಂದು ಸುತ್ತು ಸುತ್ತಿ ಬರಬೇಕು. ಹಾಗಂತ ನಾವು ಮೂವರೂ ಮಾತಾಡಿಕೊಂಡ್ವಿ, ನಾನು, ಅವರವ್ವ, ಇವನು. ಮನೇಲಿ ಅವರವ್ವನೂ ಹಾಗೇ ಮಾಡ್ತಾಳೆ. ಕಾಪಿ ಮೊದಲು ಎರಡು ಸಾಲು, ಈಗ ಐದು ಸಾಲು ಬರೀತಾನೆ. ತಪ್ಪು ಇರುತ್ತೆ, ಆದರೆ ಮುಗಿಸ್ತಾನೆ. ಮೊದಲು ಏನಾಗಬೇಕು ಅಂತ ಅವನನ್ನೇ ಕೇಳಿದ್ವಿ. ಹುಡುಗರು ಆಟಕ್ಕೆ ಸೇರಿಸ್ಕೋಬೇಕು ಅಂದ. ಈಗ ಸೇರಿಸ್ಕೊಳ್ತಾರೆ."

ಓಬಳೇಶ ಎದ್ದು ನಿಂತು, ಅಲ್ಲಾಡುತ್ತಲೇ, ಒಂದು ಪಾಠವನ್ನು ಗಟ್ಟಿಯಾಗಿ ಓದಿದ. ನಡುವೆ ಒಮ್ಮೆ ಕಣ್ಣು ಬಾಗಿಲ ಕಡೆ ಹಾರಿತು. ಮೇಷ್ಟ್ರು ಬಾಯಿ ಬಿಡದೆ ಅವನ ಹೆಗಲ ಮೇಲೆ ಕೈಯಿಟ್ಟ. ಕಣ್ಣು ಪುಸ್ತಕಕ್ಕೆ ಮರಳಿತು.

ಆ ಕೈ. ಮೂಡಲಗಿರಿಯಪ್ಪ ಅದನ್ನೇ ನೋಡಿದ. ಸುಕ್ಕುಬಿದ್ದ, ನಶ್ಯದ ಕಲೆಯ, ಹಗುರವಾಗಿ ಕೂತ ಕೈ. ಹಾಗಾದರೆ ಈ ಕೈಗೆ ಇದು ಬರುತ್ತಿತ್ತು! ಕಲಿತದ್ದು ಎರಡೇ ತಿಂಗಳಲ್ಲಿ. ನನ್ನ ಕಾಲದಲ್ಲಿ ಇವನಿಗೆ ಇಪ್ಪತ್ತೊಂಬತ್ತು ವರ್ಷ, ಕಣ್ಣಿತ್ತು, ಕಿವಿಯಿತ್ತು, ನನ್ನವ್ವನೂ ಬಂದು ಬಾಗಿಲಲ್ಲಿ ನಿಂತು ಬೇಡಿದ್ದಳು. ಬೇರೆ ದಾರಿ ಇಲ್ಲ ಅಂದನಲ್ಲ. ಇತ್ತಲ್ಲ ದಾರಿ. ತನ್ನ ಅನ್ನಕ್ಕೆ ಕುತ್ತು ಬಂದಾಗ ಕಂಡಿತಲ್ಲ.

ಮುದುಕ ಸೋತಿದ್ದರೆ ಬಹುಶಃ ಅವನಿಗೆ ಕನಿಕರ ಬರುತ್ತಿತ್ತೇನೋ. ಗೆದ್ದದ್ದನ್ನು ಕಂಡು ಮೈ ಉರಿದುಹೋಯಿತು.

"ಆಯ್ತಾ ಸ್ವಾಮಿ? ಚೆನ್ನಾಗಿ ಓದಿದ್ನಾ?" ಎಂದು ಹುಡುಗ ಕೇಳಿದ.

ಮೂಡಲಗಿರಿಯಪ್ಪ ತಪಾಸಣೆ ಪುಸ್ತಕ ತೆರೆದ. "ಮೂರು ತಾಸು ಕೂರುತ್ತಾನೆಯೇ?"

"ಇಲ್ಲ ಸ್ವಾಮಿ."

"ಚಿತ್ತಿಲ್ಲದೆ ಒಂದು ಪುಟ?"

"ಇಲ್ಲ."

"ಹದಿನಾರರ ಮಗ್ಗಿ?"

"ಏಳರವರೆಗೆ ಬರುತ್ತೆ."

"ದೂರು?"

"ವಾರಕ್ಕೊಂದೆರಡು ಇದ್ದೇ ಇರುತ್ತೆ. ಮೊದಲು ದಿನಕ್ಕೆ ಹತ್ತಿತ್ತು."

ನಾಲ್ಕರಲ್ಲಿ ಒಂದೂ ಈಡೇರಿಲ್ಲ ಎಂದು ಮೂಡಲಗಿರಿಯಪ್ಪ ಬರೆದ. ಚಂದ್ರಶೇಖರಯ್ಯ ಮಕ್ಕಳನ್ನು ಬಯಲಿಗೆ ಕಳಿಸಿದ. ಹಜಾರ ಖಾಲಿಯಾದ ಮೇಲೆ ಹತ್ತಿರ ಬಂದು ನಿಂತು, ಹೆಸರು ಹಿಡಿದು ಕರೆದ.

"ಮೂಡ್ಲಗಿರಿ."

ಪೆನ್ನು ನಿಂತಿತು.

"ಬಂದ ದಿನವೇ ಗುರುತು ಸಿಕ್ಕಿತ್ತು. ಆ ಕಾಲು ಕುಣಿಸೋದು, ಆ ಮಣಿಕಟ್ಟು. ನಿನ್ನ ಬರಹ ಓದಿದಾಗಲೇ ತಿಳೀತು, ಇದು ನನ್ನ ಕುತ್ತಿಗೆಗೆ ಹಾಕಿದ ಹಗ್ಗ ಅಂತ. ಹಾಕು, ಬೇಡ ಅನ್ನಲ್ಲ. ನಿನಗೆ ನಾನು ಮಾಡಿದ್ದು ತಪ್ಪು. ಆದರೆ ನೀನೂ ಅಂಥದ್ದೇ ಹುಡುಗ ಆಗಿದ್ದೆ, ದಾರಿ ನಿನಗೆ ಗೊತ್ತಿತ್ತು. ಸೇಡು ನನ್ನ ಮೇಲಿದ್ದರೆ ನನ್ನ ಮೇಲೇ ತೀರಿಸ್ಕೋಬೇಕಾಗಿತ್ತು. ಆ ಮಗುವಿನ ತಲೆ ಮೇಲೆ ಯಾಕೆ ಹೇರಿದೆ?"

ಇಪ್ಪತ್ತನಾಲ್ಕು ವರ್ಷ ಕೇಳಬೇಕೆಂದಿದ್ದ ಮಾತು, "ತಪ್ಪು" ಎಂಬುದು, ಬಂದೇ ಬಿಟ್ಟಿತ್ತು. ಅದರ ಹಿಂದೆಯೇ ಬಂದ ಪ್ರಶ್ನೆ ಅದನ್ನು ನುಂಗಿ ಹಾಕಿತು. ಆದರೂ ಮೂಡಲಗಿರಿಯಪ್ಪ ಪುಸ್ತಕದ ಮೇಲೆ ಮತ್ತೆ ಪೆನ್ನು ಊರಿದ. ರುಜು ಹಾಕಿದ. ತಾರೀಖು ಹಾಕಿದ. ಮಸಿ ಒಣಗುವವರೆಗೂ ಊದಿದ.

ಫಾಲ್ಗುಣದಲ್ಲಿ ಹುಕುಂ ಬಂತು. ಹಗ್ಗ ಕಟ್ಟಿದ್ದು, ಗುರಿ ತಪ್ಪಿದ್ದು ಎರಡನ್ನೂ ಕಾಣಿಸಿ ಚಂದ್ರಶೇಖರಯ್ಯನನ್ನು ಕೆಲಸದಿಂದ ಬಿಡಿಸಿದ್ದರು. ಪಿಂಚಣಿಯಲ್ಲಿ ಕಡಿತ. ಅವನು ಜಾಲಿಗುಂಟೆಯ ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನು ಗಾಡಿಗೇರಿಸಿಕೊಂಡು, ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ತನ್ನ ಹಿರಿಯರ ಮನೆಗೆ ಹೋದನೆಂದು ಸುದ್ದಿ ಬಂತು. ಅಂದು ಮೂಡಲಗಿರಿಯಪ್ಪ ಶಿರಾ ಪೇಟೆಯಲ್ಲಿ ಜಿಲೇಬಿ ಕೊಂಡು ಒಬ್ಬನೇ ತಿಂದ. ಚೆನ್ನಾಗಿ ನಿದ್ದೆಯೂ ಬಂತು. ಇದನ್ನು ಮುಚ್ಚಿಡುವುದೇಕೆ, ಆ ಒಂದು ವಾರ ಅವನಷ್ಟು ಸುಖಿ ಯಾರೂ ಇರಲಿಲ್ಲ.

ಎರಡನೆಯ ವಾರ ಪುಟ್ಟಕ್ಕ ಮಗನ ಕೈ ಹಿಡಿದು ಕಚೇರಿಯ ಬಾಗಿಲಿಗೆ ಬಂದಳು. ನಾಲ್ಕು ಹರಿದಾರಿ ನಡೆದು ಬಂದಿದ್ದಳು.

"ಹೊಸ ಮೇಷ್ಟ್ರು ಎಂಟೇ ದಿನಕ್ಕೆ ಆಚೀಗ್ ಹಾಕ್ದ. ಇಂತಾ ಹುಡ್ಗನ್ನ ಇಟ್ಕೊಂಡ್ರೆ ನನ್ ಕೆಲ್ಸಾನೂ ಹೋಯ್ತದೆ, ಇನ್‌ಸ್ಪೆಟ್ರು ಬರೆದಿರೋದು ನೋಡಿದೀನಿ ಅಂದ. ನೀವು ಬರೆದಿದ್ದೇ ಇವ್ನ ಹಣೆಬರಾ ಆಗೋಯ್ತು ಬುದ್ಧಿ."

ಮೂಡಲಗಿರಿಯಪ್ಪ ಎದ್ದು ನಿಂತ. ಹುಡುಗ ಕಚೇರಿಯ ಬೀಗವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಸೊರಗಿದ್ದ.

"ನಾನು ಹೇಳ್ಕೊಡ್ತೀನಿ ತಾಯಿ" ಎಂದ ಅವಸರವಾಗಿ. "ಇಂಥ ಮಕ್ಕಳಿಗೆ ಒಂದು ಕ್ರಮ ಇದೆ. ಸಣ್ಣ ಗುರಿ ಇಡಬೇಕು, ಒಂದು ಕೈಗೂಡಿದ ಮೇಲೆ ಇನ್ನೊಂದು. ನಡುವೆ ಓಡಾಡಕ್ಕೆ ಬಿಡಬೇಕು. ನಮ್ಮ ಮಾವ ನನಗೆ ಹಾಗೇ ಕಲಿಸಿದ್ದು. ನಾನೂ ಇವನ ಹಾಗೇ ಇದ್ದೆ."

ಪುಟ್ಟಕ್ಕ ಅವನನ್ನೇ ದಿಟ್ಟಿಸಿದಳು.

"ಮದ್ಲೇ ಗೊತ್ತಿತ್ತಾ ನಿಮ್ಗೆ?"

ಅವನು ಮೇಜಿನ ಮೇಲಿದ್ದ ಕಾಗದ ಸರಿಸಿದ.

"ದಾರೀಲಿ ನಿಂತು ಕಾಲಿಗ್ ಬೀಳೋ ಹಂಗೆ ಕೇಳ್ದಾಗ್ಲೂ ಗೊತ್ತಿತ್ತಾ?"

"ಆ ಮೇಷ್ಟ್ರು ನನಗೆ ಏನು ಮಾಡಿದ್ದ ಅಂತ ನಿನಗೆ ಗೊತ್ತಿಲ್ಲ ತಾಯಿ."

"ಗೊತ್ತು ಬುಡಿ, ಆವಯ್ಯನೇ ಹೇಳ್ದ. ನನ್ ಮಗನ್ನೂ ಕಂಬಕ್ ಕಟ್ಟಿದ್ದ, ನಂಗೂ ಹೊಟ್ಟೆ ಉರೀತಿತ್ತು. ಒನಕೆ ತಗಂಡು ಹೋಗಿ ಅವ್ನ ತಲೇಗೆ ಹಾಕಿದ್ರೆ ಹಾಕ್ತಿದ್ದೆ. ನೀವು ಗಂಡಸು, ನೀವೂ ಅಂಗೇ ಮಾಡ್ಬೋದಿತ್ತು. ನನ್ ಕೂಸನ್ನ ಯಾಕ್ರೀ ಒನಕೆ ಮಾಡ್ಕೊಂಡ್ರಿ?" ಎಂದಳು. ಮಗನ ಕೈಯನ್ನು ಬೀಗದಿಂದ ಬಿಡಿಸಿ ಹಿಡಿದುಕೊಂಡಳು. "ಬಾ ಮಗ. ಹೊಳವನಳ್ಳೀಲಿ ಚಿಕ್ಕವ್ವನ ಮನೆ ಅದೆ. ಅಲ್ಲೇ ಇದ್ದು ಮೇಷ್ಟ್ರ ತಾವ ಓದೀಯಂತೆ."

ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಮೂಡಲಗಿರಿಯಪ್ಪ ಎರಡು ಸಲ ಕಾಗದ ಬರೆಯಲು ಕೂತ, ಎರಡು ಸಲವೂ ನಾಲ್ಕು ಸಾಲಿಗೆ ಎದ್ದ. ಅಂಗಾಲುಗಳು ಉರಿಯುತ್ತಿದ್ದವು. ಕ್ಷಮಿಸಲು ಅವನಿಂದಾಗಲಿಲ್ಲ. ಹೊಸ ಮೇಷ್ಟ್ರಿಗೆ ಮಾತ್ರ ಎಚ್ಚರಿಕೆ ಕಳಿಸಿದ. ರೇಂಜಿನ ಅರವತ್ತು ಶಾಲೆಗಳಿಗೂ ಸುತ್ತೋಲೆ ಹೊರಡಿಸಿ, ಕೂರಲಾಗದ ಮಕ್ಕಳಿಗೆ ಸಣ್ಣ ಸಣ್ಣ ಗುರಿ ಇಡಬೇಕು, ತಂದೆತಾಯಿಯನ್ನೂ ಮಗುವನ್ನೂ ಕೇಳಿ ಇಡಬೇಕು ಎಂದು ಬರೆದ. ಎಷ್ಟು ಮಂದಿ ಓದಿದರೋ.

ಎರಡು ವರ್ಷದ ಮೇಲೆ ಕೊರಟಗೆರೆ ಕಡೆ ಕೆಲಸ ಬಿದ್ದಾಗ ಸೈಕಲ್ ತಾನಾಗಿಯೇ ಹೊಳವನಹಳ್ಳಿಯ ದಾರಿ ಹಿಡಿಯಿತು. ಸಂತೆಬೀದಿಯ ಪಕ್ಕದ ಮನೆಯ ಜಗಲಿಯ ಮೇಲೆ ಚಂದ್ರಶೇಖರಯ್ಯ ಕೂತಿದ್ದ. ಸುತ್ತ ಐದು ಮಕ್ಕಳು. ಒಬ್ಬ ನಿಂತುಕೊಂಡು ಬರೆಯುತ್ತಿದ್ದ, ಒಬ್ಬಳು ಹುಡುಗಿ ಜಗಲಿಯ ಉದ್ದಕ್ಕೂ ನಡೆಯುತ್ತಾ ಮಗ್ಗಿ ಹೇಳುತ್ತಿದ್ದಳು. ಬೇರೆ ಶಾಲೆಗಳವರು ಬೇಡವೆಂದ ಮಕ್ಕಳನ್ನೆಲ್ಲ ಜನ ಈಗ ಇಲ್ಲಿಗೆ ಕರೆತರುತ್ತಾರಂತೆ. ಬೀದಿಯ ಅಂಗಡಿಯವನು ಅದನ್ನು ಕೇಳದೆಯೇ ಹೇಳಿದ: "ಬಾಳ ತಾಳ್ಮೆ ಸೋಮಿ ಆ ಮೇಷ್ಟ್ರಿಗೆ. ದೇವ್ರಂತೋರು."

ದೇವರಂಥವನು. ಮೂಡಲಗಿರಿಯಪ್ಪನಿಗೆ ಬಾಯಿ ಕಹಿಯಾಯಿತು. ಅವನನ್ನು ದೇವರಂಥವನನ್ನಾಗಿ ಮಾಡಿದ್ದು ನನ್ನ ಹಗೆ. ಅದರಲ್ಲಿ ನನಗೇನು ದಕ್ಕಿತು? ನನ್ನ ಒಂಬತ್ತನೆಯ ವರ್ಷವನ್ನು ಈ ಜಗಲಿಯ ಮೇಲೆ ಯಾರು ಕೂರಿಸುತ್ತಾರೆ?

ಮುದುಕ ತಲೆಯೆತ್ತಿ ನೋಡಿದ. ಕರೆಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ಪಕ್ಕದಲ್ಲಿದ್ದ ಹುಡುಗನಿಗೆ ಏನೋ ಹೇಳಿದ. ಎತ್ತರವಾಗಿ ಬೆಳೆದಿದ್ದ ಓಬಳೇಶ ಒಳಗೆ ಓಡಿ, ಒಂದು ಚೆಂಬು ಹಿಡಿದು, ಅರ್ಧ ನೀರು ಚೆಲ್ಲುತ್ತಾ ಬೀದಿ ದಾಟಿ ಬಂದ.

"ಮೇಷ್ಟ್ರು ಕೇಳಿದ್ರು, ಬಿಸ್ಲಲ್ಲಿ ಬಂದವ್ರೆ, ನೀರು ಕುಡೀತಾರಾ ಅಂತ."

ಗಂಟಲು ಒಣಗಿ ಹೋಗಿತ್ತು. ಮೂಡಲಗಿರಿಯಪ್ಪ ಚೆಂಬನ್ನೂ ಹುಡುಗನ ಮುಖವನ್ನೂ ನೋಡಿದ.

"ಈಗ ಎಷ್ಟು ಹೊತ್ತು ಕೂರ್ತೀಯಪ್ಪಾ?" ಎಂದು ಕೇಳಿದ.

"ಬೇಕಾದಷ್ಟು ಹೊತ್ತು" ಎಂದ ಓಬಳೇಶ. ತಕ್ಷಣ ನಕ್ಕು, "ಬೇಡ್ದಿದ್ರೆ ಇಲ್ಲ" ಎಂದ.

"ಚೆನ್ನಾಗಿ ಓದು. ನೀರು ಬೇಡ ಅನ್ನು ನಿಮ್ಮ ಮೇಷ್ಟ್ರಿಗೆ."

ಸೈಕಲ್ ಹತ್ತಿ ಕೊರಟಗೆರೆಯ ಕಡೆ ತುಳಿದ. ಊರು ದಾಟಿ ಒಂದು ಮೈಲಿ ಹೋದ ಮೇಲೆ ಯಾರದೋ ಹೊಲದ ಬಾವಿ ಸಿಕ್ಕಿತು. ಇಳಿದು, ಮೆಟ್ಟಿಲ ಮೇಲೆ ಬಗ್ಗಿ, ಬೊಗಸೆಯಲ್ಲಿ ಮೊಗೆದು ಹೊಟ್ಟೆತುಂಬ ಕುಡಿದ. ನೀರು ಸವಳಾಗಿತ್ತು.